ಅಪ್ಪನ ಕಾಗದದ ಎರಡು ಏರುಗಳು

ಅಪ್ಪಾ, ನಿನ್ನ ಎದೆ ಚೆನ್ನಾಗಿತ್ತು. ಸೋತಿದೆ ಎಂದು ನಾನು ಹೇಳಿದ್ದು ಸುಳ್ಳು. ಡಾಕ್ಟರ್ ಹಾಗೆ ಹೇಳಿರಲಿಲ್ಲ — ಮಗ್ಗ ಬಿಡಿಸು ಎಂದಂತೂ ಹೇಳಿಯೇ ಇರಲಿಲ್ಲ. ಆ ಮಾತು ನನ್ನದು, ಪೂರ್ತಿ ನನ್ನದೇ.

ನೀನು ಹೋಗಿ ಎಷ್ಟೋ ವರ್ಷವಾದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಸೇಲಂ ಹತ್ತಿರದ ನಮ್ಮೂರು ತಾರಮಂಗಲದ ಶಾಲೆಯಲ್ಲಿ ನನಗೆ ಕಲಿಸಿದ್ದು ತಮಿಳು; ಕನ್ನಡ ಬರೀ ಮನೆಮಾತು. ಕನ್ನಡ ಅಕ್ಷರ ಕಲಿತದ್ದು ತಡವಾಗಿ, ಒಬ್ಬಳೇ ಕೂತು. ಆದರೆ ನಿನಗೆ ಸುಳ್ಳು ಹೇಳಿದ್ದು ಕನ್ನಡದಲ್ಲಿ. ನಿಜವನ್ನೂ ಇದರಲ್ಲೇ ಹೇಳಬೇಕು.

ತೊಂಬತ್ತರ ದಶಕದ ನಡುವೆ, ಅಮ್ಮ ತೀರಿಹೋದ ಮೇಲೆ, ಮನೆಯಲ್ಲಿ ನಾವಿಬ್ಬರೇ. ನೀನು ಮಗ್ಗದ ಕುಣಿಯಲ್ಲಿ, ನೆಲ ತೋಡಿದ ಆ ಗುಂಡಿಯಲ್ಲಿ ಕಾಲಿಳಿಬಿಟ್ಟು, ರೇಷ್ಮೆ ಪಂಚೆ ನೇಯುತ್ತಿದ್ದೆ; ನಾನು ಸೇಲಂನ ಒಂದು ಆಸ್ಪತ್ರೆಯಲ್ಲಿ ಇಸಿಜಿ ಕೋಣೆಯ ಸಹಾಯಕಿ. ನೇಯುವವನಿಗೆ ಕಂಡಿಕೆ ಸುತ್ತಿಕೊಡುವ ಇನ್ನೊಂದು ಕೈ ಬೇಕೇ ಬೇಕು — ಲಾಳಿಯೊಳಗಿನ ಆ ಸಣ್ಣ ನೂಲಿನ ಸುರುಳಿ ಮುಗಿದರೆ ಮಗ್ಗ ನಿಂತಂತೆ. ಅಮ್ಮನ ನಂತರ ಆ ಕೈ ನನ್ನದಾಯಿತು. ಬಸ್ಸಿಗೆ ಮೊದಲು ರಾಟೆ, ಬಸ್ಸಿಳಿದ ಮೇಲೆ ರಾಟೆ. ಜೊತೆಯವರು ಸಿನಿಮಾಗೆ ಕರೆದಾಗ ‘ಕಂಡಿಕೆ ಸುತ್ತಬೇಕು’ ಎನ್ನಲು ನಾಚಿಕೆಯಾಗಿ ತಲೆನೋವು ಎನ್ನುತ್ತಿದ್ದೆ. ನನಗಾಗ ಇಪ್ಪತ್ತೆಂಟು ವರ್ಷ. ನಿನ್ನ ಮೇಲೆ ಸಿಟ್ಟಿತ್ತು, ಅಪ್ಪ. ಪ್ರೀತಿಯೂ ಇತ್ತು — ಆದರೆ ರಾಟೆಯ ಮುಂದೆ ಕೂತಾಗ ಸಿಟ್ಟೇ ಹೆಚ್ಚು.

ಕಾಯಿಲೆಯಿಲ್ಲದವರಲ್ಲಿ ವಯಸ್ಸಾದಂತೆ ಎದೆಬಡಿತದ ದಿನಚರಿ ಹೇಗೆ ಬದಲಾಗುತ್ತದೆ ಎಂದು ನಮ್ಮ ಡಾಕ್ಟರಿಗೆ ತಿಳಿಯಬೇಕಿತ್ತು. ಎದೆಗೆ ತಂತಿ ಅಂಟಿಸಿಕೊಂಡು, ಬಡಿತವನ್ನೆಲ್ಲ ಕ್ಯಾಸೆಟ್ಟಿನಲ್ಲಿ ಹಿಡಿಯುವ ಪೆಟ್ಟಿಗೆಯೊಂದನ್ನು ಒಂದು ಹಗಲು ಒಂದು ರಾತ್ರಿ ಸೊಂಟಕ್ಕೆ ಕಟ್ಟಿಕೊಂಡಿರಬೇಕು. ಚಿಕ್ಕವರ ಪೈಕಿ ನಾನು ಕಟ್ಟಿಸಿಕೊಂಡೆ. ದೊಡ್ಡವರ ಪೈಕಿ ನಿನ್ನ ಹೆಸರು ಕೊಟ್ಟೆ.

ನಾನು ಪೆಟ್ಟಿಗೆ ಕಟ್ಟಲು ಬಂದಾಗ ನೀನು ಹಿಂದೆ ಸರಿದೆ. “ತೊಗಲಿನ ಚೀಲ ಇದು. ಇದ ಕಟ್ಕೊಂಡು ಮಗ್ಗದ ಕುಣೀಲಿ ಕಾಲಿಡಾಕಾಗಲ್ಲ ಕಣ್ಣು. ಸಾಮಿ ಇರೋ ಜಾಗ ಅದು.” ಕಣ್ಣು ಎಂದೇ ನೀನು ನನ್ನನ್ನು ಕರೆಯುತ್ತಿದ್ದೆ. ನಾನು ಚರ್ಮದ ಚೀಲ ಬಿಚ್ಚಿಟ್ಟು, ಪೆಟ್ಟಿಗೆಯನ್ನು ನೀನೇ ನೇಯ್ದ ಪಂಚೆಯ ತುಂಡಿನಲ್ಲಿ ಸುತ್ತಿ ಕಟ್ಟಿದೆ. ಅವತ್ತು ರಜೆ ಹಾಕಿ ಪಕ್ಕದಲ್ಲೇ ಕೂತು, ನೀನು ಯಾವ ಗಂಟೆಗೆ ಏನು ಮಾಡಿದೆ ಎಂದು ಬರೆದುಕೊಂಡೆ. ಕಾಫಿ. ನೇಯ್ಗೆ. ಊಟ, ಸ್ವಲ್ಪ ನಿದ್ದೆ. ಮತ್ತೆ ನೇಯ್ಗೆ.

ವಾರದ ಮೇಲೆ, ಬಡಿತದ ವೇಗವನ್ನು ಗೆರೆಯಾಗಿ ಎಳೆದ ಎರಡು ಕಾಗದ ಬಂದವು. ನನ್ನ ಗೆರೆ ಬೆಳಗ್ಗೆ ಜಿಗಿದು, ದಿನವಿಡೀ ಕುಣಿದು, ರಾತ್ರಿ ಆಳಕ್ಕೆ ಇಳಿದಿತ್ತು. ನಿನ್ನದು ಹೆಚ್ಚುಕಡಿಮೆ ಮಟ್ಟಸ. ಹಗಲಿಗೂ ರಾತ್ರಿಗೂ ಅಷ್ಟೇನೂ ಅಂತರವಿಲ್ಲ. “ವಯಸುಕ್ಕು ಏತ್ತ ಮಾದಿರಿ ನಲ್ಲಾ ಇರುಕ್ಕುಮ್ಮಾ” ಎಂದರು ಡಾಕ್ಟರ್. ವಯಸ್ಸಿಗೆ ತಕ್ಕ ಹಾಗೆ ಚೆನ್ನಾಗಿದೆ. ಈ ಏರಿಳಿತ ತಗ್ಗುವುದು ಸಹಜ, ಕಾಯಿಲೆಯಲ್ಲ ಎಂದೂ ವಿವರಿಸಿದರು. ತಲೆಯಾಡಿಸಿ ಬಸ್ಸು ಹತ್ತಿದೆ. ಊರು ಬರುವ ಹೊತ್ತಿಗೆ ಸುಳ್ಳು ಸಿದ್ಧವಾಗಿತ್ತು — ಅಷ್ಟು ಸಲೀಸಾಗಿ.

ಎರಡೂ ಕಾಗದವನ್ನು ನಿನ್ನ ಮುಂದೆ ಹಾಸಿದೆ. “ನೋಡಪ್ಪ, ಇದು ನಂದು, ಇದು ನಿಂದು. ನಿಂದ್ರಾಗೆ ಏರೇ ಇಲ್ಲ. ಎದೆ ಸೋತೈತೆ. ಇನ್ನು ಮಗ್ಗ ತುಳೀಬಾರ್ದಂತೆ.”

ನೀನು ಬಟ್ಟೆ ನೋಡುವ ಹಾಗೆ ಕಾಗದವನ್ನು ಬೆಳಕಿಗೆ ಹಿಡಿದೆ. ನಿಧಾನಕ್ಕೆ ಬೆರಳಾಡಿಸಿ ಒಂದು ಕಡೆ ನಿಲ್ಲಿಸಿದೆ. “ಇಲ್ಲಿ ವಸಿ ಏರೈತಲ್ಲೇ. ಇಲ್ಲೂ ಐತೆ. ಇದೇನು?”

ನನಗೆ ಗೊತ್ತಿತ್ತು. ಗಂಟೆಗಳನ್ನು ಬರೆದವಳು ನಾನೇ ಅಲ್ಲವೇ? ಬೆಳಗಿನ ನೇಯ್ಗೆ, ಮಧ್ಯಾಹ್ನದ ನೇಯ್ಗೆ — ನಿನ್ನ ಇಡೀ ದಿನದಲ್ಲಿ ಎದೆ ಮೇಲೆದ್ದದ್ದು ಆ ಎರಡೇ ಸಲ.

“ಅದು ಮಿಷಿನ್ ತಪ್ಪು” ಎಂದೆ.

“ಅಂಗಾದ್ರೆ ಸರಿ” ಎಂದೆ ನೀನು. ಸ್ವಲ್ಪ ಹೊತ್ತಿನ ಮೇಲೆ, “ಮಗ್ಗದಾಗಿರೋ ಪಂಚೆ ಒಂದು ಮುಗಿಸ್ಲಾ?” ಎಂದು ಕೇಳಿದೆ — ಮಗಳ ಹತ್ತಿರ, ಅಪ್ಪಣೆ ಕೇಳುವ ಹಾಗೆ. ಬೇಡ ಎಂದೆ. ಅದನ್ನೂ ಬೇಡ ಎಂದೆ.

ಆಮೇಲೆ ನೀನು ಹನ್ನೆರಡು ವರ್ಷ ಬದುಕಿದೆ. ಎದೆ ಒಮ್ಮೆಯೂ ಕೈಕೊಡಲಿಲ್ಲ. ಕೊನೆಗೆ ನಿನ್ನನ್ನು ಒಯ್ದದ್ದು ಒಂದು ಜ್ವರ. ಆ ಹನ್ನೆರಡು ವರ್ಷವೂ ನೀನು ಬೆಳಗ್ಗೆ ಖಾಲಿ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದೆ. ಒಂದು ದಿನ ನಾನು ಕಂಡೆ — ತುಳಿಯುವ ಹಲಗೆಗಳನ್ನು ನಾನೇ ಯಾವತ್ತೋ ಕಳಚಿಸಿದ್ದೆ, ಆದರೂ ನಿನ್ನ ಪಾದಗಳು ತುಳಿಯುತ್ತಿದ್ದವು. ಬಲ, ಎಡ, ಬಲ. ನನ್ನನ್ನು ನೋಡಿ ಕಳ್ಳ ಸಿಕ್ಕಿಬಿದ್ದಂತೆ ನಿಲ್ಲಿಸಿದೆ. “ಸುಮ್ನೆ ಕೂತಿದ್ದೆ ಕಣ್ಣು.” ಅವತ್ತಾದರೂ ಹೇಳಬಹುದಿತ್ತು. ಬಸ್ಸಿಗೆ ಹೊತ್ತಾಗಿತ್ತು.

ಸಿನಿಮಾಗಳನ್ನೇನೋ ನೋಡಿದೆ, ಅಪ್ಪ. ಒಂದರ ಕಥೆಯೂ ನೆನಪಿಲ್ಲ. ನೆನಪಿರುವುದು ಲಾಳಿಯ ಟಕ್ ಟಕ್ — ಅದನ್ನು ಇನ್ನೊಮ್ಮೆ ಕೇಳಲು ಏನು ಬೇಕಾದರೂ ಕೊಟ್ಟೇನು. ಬೀದಿಯಲ್ಲಿ ಈಗ ಒಂದು ಮನೆಯಲ್ಲೂ ಅದಿಲ್ಲ.

ಹೋದ ತಿಂಗಳು ನನಗೆ ಮತ್ತೆ ಪೆಟ್ಟಿಗೆ ಕಟ್ಟಿದರು. ಈಗದು ಬೆಂಕಿಪೊಟ್ಟಣದಷ್ಟೇ. ಗೆರೆ ಮಟ್ಟಸ. ಚಿಕ್ಕ ವಯಸ್ಸಿನ ಡಾಕ್ಟರಮ್ಮ ನಕ್ಕು, ವಯಸ್ಸಿಗೆ ತಕ್ಕ ಹಾಗೆ ಚೆನ್ನಾಗಿದೆ ಎಂದಳು. ನಾನು ಕಾಗದದ ತುಂಬ ಬೆರಳಾಡಿಸಿದೆ, ನಿನ್ನ ಹಾಗೆ. ಎಲ್ಲೂ ಏರು ಸಿಗಲಿಲ್ಲ.

ಮನೆಗೆ ಬಂದು ನಿನ್ನ ಹಳೆಯ ಕಾಗದವನ್ನೂ, ಗಂಟೆಗಳನ್ನು ಬರೆದಿಟ್ಟ ಪುಸ್ತಕವನ್ನೂ ಟ್ರಂಕಿನಿಂದ ತೆಗೆದೆ. ಎರಡು ಏರುಗಳ ಮೇಲೂ ಪೆನ್ನಿನಿಂದ, ನಾನು ತಡವಾಗಿ ಕಲಿತ ಅಕ್ಷರಗಳಲ್ಲಿ, ಅಂದು ಹೇಳಬೇಕಾಗಿದ್ದನ್ನು ಬರೆದೆ: ಅಪ್ಪ ನೇಯುತ್ತಿದ್ದ.