ಪಿರಿತ್ ನೂಲು ಕತ್ತರಿಸಿದ್ದು

ಎಂಬತ್ತರ ದಶಕದಲ್ಲಿ ನಾನು ರಿಯಾದಿನ ಒಂದು ಮನೆಯಲ್ಲಿ ಅಡುಗೆಗಿದ್ದೆ. ಮಗುವನ್ನು ನೋಡಿಕೊಳ್ಳಲು ಶ್ರೀಲಂಕಾದ ಸಿಂಹಳ ಹುಡುಗಿಯೊಬ್ಬಳಿದ್ದಳು, ಬೌದ್ಧಳು. ನಮ್ಮಿಬ್ಬರ ಮಾತು ಅರೆಬರೆ ಅರಬಿಯಲ್ಲಿ.

ಅವಳ ಮಣಿಕಟ್ಟಿನಲ್ಲಿ ಬಿಳಿ ನೂಲು, ಅದಕ್ಕೆ ಮೂರು ಗಂಟು. ವಿಮಾನ ಹತ್ತುವ ಮುಂಚೆ ತಾಯಿ ಮನೆಗೆ ಭಿಕ್ಷುಗಳನ್ನು ಕರೆಸಿದ್ದಳಂತೆ. ಅವರು ಪಿರಿತ್ ಎಂಬ ಬುದ್ಧನ ಮಾತುಗಳನ್ನು ಓದುವಾಗ ಮನೆಯವರೆಲ್ಲ ಒಂದೇ ಉದ್ದನೆಯ ನೂಲು ಹಿಡಿದು ಕೂರುತ್ತಾರೆ. ಆಮೇಲೆ ಅದನ್ನೇ ತುಂಡು ಮಾಡಿ ರಕ್ಷೆಗೆಂದು ಕೈಗೆ ಕಟ್ಟುತ್ತಾರೆ. ತಾನಾಗಿ ಸವೆದು ಬೀಳಬೇಕು, ಬಿಚ್ಚಬಾರದು.

ನನಗೇನೂ ವಿಚಿತ್ರ ಅನಿಸಲಿಲ್ಲ. ನಮ್ಮೂರು ಉಳ್ಳಾಲದ ಮಸೀದಿಯ ಗುರುಗಳು, ಮುಸ್ಲಿಯಾರರು, ಓದಿ ಊದಿ ಕೊಟ್ಟ ಕಪ್ಪು ನೂಲು ನನ್ನ ಸೊಂಟದಲ್ಲೂ ಇತ್ತು. ಆ ದೇಶದಲ್ಲಿ ಅಂಥದ್ದು ಲಂಗದೊಳಗೇ ಇರಬೇಕೆಂಬ ಬುದ್ಧಿ ನನಗಿತ್ತು, ಅಷ್ಟೇ.

"ಉದ್ದ ತೋಳಿನ ಅಂಗಿ ಹಾಕು ಮಾರಾಯ್ತಿ, ಅದನ್ನು ಮುಚ್ಚು."

"ಎಂತಕ್ಕೆ ಅಕ್ಕಾ, ಕದ್ದ ಮಾಲಾ?" ಎಂದು ನಕ್ಕಳು.

ಮಗುವಿಗೆ ಜ್ವರ ಬಂತು. ಮೂರನೇ ದಿನ ಗಂಟುಗಳು ಮನೆಯೊಡತಿಯ ಕಣ್ಣಿಗೆ ಬಿದ್ದವು. ಮಾಟ ಎಂದು ಕಿರುಚಿದಳು, ಬಿಚ್ಚು ಎಂದಳು. ಹುಡುಗಿ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಒಡತಿ ಇಸ್ತ್ರಿಪೆಟ್ಟಿಗೆಯ ವಯರಿನಿಂದ ಬಾರಿಸಿದಳು, ಕೆನ್ನೆ ಒಡೆಯಿತು. ಜುಟ್ಟು ಹಿಡಿದು ತಲೆಯನ್ನು ಗೋಡೆಗೆ ಬಡಿದಳು. ಕೊನೆಗೆ ಮಾಂಸದ ಕತ್ತಿ ಎತ್ತಿಕೊಂಡಳು.

"ನೂಲು ಬರದಿದ್ದರೆ ಕೈಯೇ ಬರಲಿ. ಉಳಿದದ್ದನ್ನು ಪೊಲೀಸರಿಗೆ ಕೊಡುತ್ತೇನೆ."

ಮಾಟದ ಆರೋಪ ಬಂದರೆ ತಲೆ ಉಳಿಯುವುದಿಲ್ಲ ಎಂದು ನಾವು ಕೆಲಸದವರೆಲ್ಲ ಕೇಳಿದ್ದೆವು.

"ಕತ್ತಿ ಕೆಳಗಿಡಿ ಮಾಮಾ, ನಾನು ತೆಗೆಯುತ್ತೇನೆ" ಎಂದೆ. ಅಲ್ಲಿ ಒಡತಿಯನ್ನು ಹಾಗೆಯೇ ಕರೆಯುವುದು.

ನಾನು ದಪ್ಪ ಹೆಂಗಸು. ಹುಡುಗಿಯನ್ನು ಕೆಡವಿ ಮೇಲೆ ಕೂತೆ.

"ನೀನು ಬೇಡ ಅಕ್ಕಾ! ಅವಳು ಕಡಿಯಲಿ, ನೀನು ಬೇಡ!"

"ಸುಮ್ಮನಿರು ಪೆದ್ದಿ. ನಿನಗೆ ಎಂತ ಬೇಕು, ಕೈಯಾ ನೂಲಾ?"

"ನೂಲು!" ಎಂದು ನನ್ನ ಮುಂದೋಳಿಗೆ ಹಲ್ಲು ಹಾಕಿದಳು. ಮಾಂಸ ಕಿತ್ತುಬಂತು. ನಾನು ಬಿಡಲಿಲ್ಲ. ಅಡುಗೆಮನೆಯ ಕತ್ತರಿಯಿಂದ ಕತ್ತರಿಸಿದೆ. ನೂಲಿನ ಜೊತೆ ಅವಳ ಚರ್ಮವೂ ಸ್ವಲ್ಪ ಹೋಯಿತು. ಒಡತಿಯ ಎದುರೇ ಬಿಸ್ಮಿಲ್ಲಾ ಹೇಳಿ ಗಂಟುಗಳನ್ನು ಬಿಚ್ಚಿ, ನೂಲನ್ನು ಒಲೆಗೆ ಹಿಡಿದೆ.

"ಮಾಟ ಸತ್ತಿತು. ಇನ್ನು ಪೊಲೀಸರಿಗೆ ಎಂತ ತೋರಿಸುತ್ತೀರಿ ಮಾಮಾ?"

ಒಡತಿ ಕತ್ತಿ ಇಟ್ಟಳು.

ಹುಡುಗಿಯನ್ನು ವಾರದೊಳಗೆ ಅವಳ ಊರಿಗೆ ಕಳಿಸಿದರು. ಅಷ್ಟು ದಿನವೂ ನಾನು ಬಡಿಸಿದ ಅನ್ನವನ್ನು ಅವಳು ಮುಟ್ಟಲಿಲ್ಲ. ಹೊಡೆದವರ ಮೇಲೆ ಸಿಟ್ಟು ಇಡಬಾರದೆಂದು ಅವರ ಧರ್ಮದಲ್ಲಿದೆಯಂತೆ. ಹೊರಡುವಾಗ ಒಡತಿಗೆ ಕೈಮುಗಿದಳು. ನನ್ನನ್ನು ದಾಟಿಕೊಂಡು ಹೋದಳು. ಹೋಗಲಿ. ಮುಗಿಯಲು ಎರಡು ಕೈ ಇದ್ದವಲ್ಲ.