ಕೊನೆಯ ಹಾಳೆ ಇದೆಯಾ?

ಇವತ್ತು ಈ ಪರದೇಶದ ಏವನ್‌ಡೇಲ್ ಸಂತೆಯಲ್ಲಿ ಮಗಳಿಗೆಂದು ಹಳೆಯದೊಂದು ಮಕ್ಕಳ ಕಾದಂಬರಿ ಕೈಗೆತ್ತಿಕೊಂಡೆ. ಚಿಕ್ಕಂದಿನ ಅದೇ ಕಾಗದದ ವಾಸನೆ!

ಆರನೇ ಕ್ಲಾಸಿಗೇ ನನ್ನ ಶಾಲೆ ನಿಂತಿತ್ತು. ದೊಡ್ಡಮ್ಮ ಅವರೆಕಾಯಿ ಸುಲಿಯುತ್ತಾ ನನ್ನಿಂದ ಕಾದಂಬರಿ ಓದಿಸುತ್ತಿದ್ದರು. ಒಂದರಲ್ಲಿ ಕಾಡಿನಲ್ಲಿ ದಾರಿ ತಪ್ಪಿದ ಹುಡುಗಿ ಇನ್ನೇನು ಮನೆ ಸೇರಬೇಕು, ಕೊನೆಯ ಹಾಳೆಯೇ ಇಲ್ಲ!

"ಅಯ್ಯೋ, ನೀರೊಲೆ ಹಚ್ಚೋಕೆ ನಾನೇ ಹರಿದೆ ಕಣೇ. ಮನೆ ಸೇರಿರ್ತಾಳೆ ಬಿಡು," ಎಂದರು ದೊಡ್ಡಮ್ಮ.

"ಸೇರದಿದ್ರೆ, ದೊಡ್ಡಮ್ಮಾ?"

ವಾರವಿಡೀ ನನಗೆ ಅನ್ನ ಸೇರಲಿಲ್ಲ.

ಅಂದಿನಿಂದ ಯಾವ ಪುಸ್ತಕ ಸಿಕ್ಕರೂ ಮೊದಲು ಕೊನೆಯ ಹಾಳೆ ನೋಡುತ್ತೇನೆ. ಇವತ್ತೂ ನೋಡಿದೆ. ಇತ್ತು! ಅಲ್ಲೇ ನಿಂತು, ಇಂಗ್ಲಿಷ್ ಅಕ್ಷರ ಕೂಡಿಸಿಕೊಂಡು ಪೂರ್ತಿ ಓದಿದೆ.

"ಅಮ್ಮಾ, ಡೋಂಟ್ ಟೆಲ್ ಮಿ!" ಪಕ್ಕದಲ್ಲಿದ್ದ ಮಗಳು ಕಿರುಚಿದಳು.

"ಹೇಳಲ್ಲಮ್ಮಾ. ನೀನು ಏನೂ ಹೆದರದೆ ಧೈರ್ಯವಾಗಿ ಓದು, ಅಷ್ಟೇ."

"ಅಮ್ಮಾ! ಯೂ ಜಸ್ಟ್ ಟೋಲ್ಡ್ ಮಿ!"