ಉಳುಕಿಗೆ ಕಟ್ಟಿದ ಕಟ್ಟು

ಕೊಲ್ಲಿ ದೇಶದ ಇಂಡಸ್ಟ್ರಿಯಲ್ ಏರಿಯಾದ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿರುವ ನನಗೆ ಶುಕ್ರವಾರವೆಂದರೆ ಉಳುಕಿನ ದಿನ. ಕಾರ್ಮಿಕರು ತಂಗುವ ಕ್ಯಾಂಪುಗಳಿಗೆ ರಜೆ, ಬಿಸಿಲೇರುವ ಮೊದಲು ವಾಲಿಬಾಲ್, ಆಮೇಲೆ ನನ್ನ ಬಾಗಿಲಲ್ಲಿ ಕುಂಟುವವರ ಸಾಲು. ಅಂದು ಮಧ್ಯಾಹ್ನ ನಮ್ಮೂರ ಕಡೆಯ ಇಬ್ಬರು ಬಂದರು. ಒಬ್ಬ ವೆಲ್ಡರ್, ಬೆಳಿಗ್ಗೆ ಆಟದಲ್ಲಿ ಪಾದ ಮಡಚಿ ಬಿದ್ದವನು. ಅವನಿಗೆ ಹೆಗಲು ಕೊಟ್ಟವರು ಅದೇ ಕ್ಯಾಂಪಿನ ಅಡುಗೆಯವರು, ವಯಸ್ಸಾದವರು.

"ಉಳುಕು ನಾನೇ ತೆಗೆದದ್ದು ಸಿಸ್ಟರ್. ಎಣ್ಣೆ ಹಾಕಿ ಎಳೆದು, ಬಾವು ಬಾರದ ಹಾಗೆ ಗಟ್ಟಿ ಕಟ್ಟಿದ್ದೇನೆ," ಎಂದರು ಅಡುಗೆಯವರು, ಹೆಮ್ಮೆಯಿಂದಲೇ.

ನಮ್ಮ ಕರಾವಳಿಯವರ ಕೈ ಸುಮ್ಮನಿರುವುದಿಲ್ಲ. ಉಳುಕು ಎಂದರೆ ಸಾಕು, ಪಕ್ಕದ ಮಂಚದವನೂ ವೈದ್ಯ. ಹೊಸ ಉಳುಕನ್ನು ಎಳೆಯಬೇಡಿ, ತಿಕ್ಕಬೇಡಿ ಎಂದು ಹೇಳಿ ಹೇಳಿ ನನ್ನ ಬಾಯಿ ಸೋತಿದೆ. ಲುಂಗಿ ಹರಿದು ಸುತ್ತಿದ ಕಟ್ಟಿನಾಚೆ ಇಣುಕಿದ ಬೆರಳುಗಳು ಬೂದಿ ಬಣ್ಣಕ್ಕೆ ತಿರುಗಿ ತಣ್ಣಗಿದ್ದವು. ಮುಟ್ಟಿದರೆ ಅವನಿಗೆ ಗೊತ್ತೇ ಆಗಲಿಲ್ಲ.

"ನೋವೇ ಇಲ್ಲ ಸಿಸ್ಟರ್ ಈಗ," ಎಂದು ಅವನು ನಕ್ಕ.

"ಎಂತ ಮಾಡಿದ್ದು ಮಾರಾಯ್ರೆ ನೀವು! ರಕ್ತವೇ ಹೋಗ್ತಾ ಇಲ್ಲ. ಹೀಗೇ ಬಿಟ್ಟಿದ್ರೆ ಪಾದ ಉಳೀತಿರಲಿಲ್ಲ," ಎಂದು ಅಡುಗೆಯವರನ್ನು ಗದರಿ, ಡಾಕ್ಟರನ್ನು ಕೂಗಿ ಕರೆದು, ಕಟ್ಟಿಗೆ ಕತ್ತರಿ ಹಾಕಿದೆ. ಸ್ನಾಯು ಎಳೆದದ್ದೋ, ಲಿಗಮೆಂಟ್ ಹರಿದದ್ದೋ, ಮೂಳೆ ಮುರಿದದ್ದೋ ಎಂಬ ವಿಚಾರವೆಲ್ಲ ಆಮೇಲೆ. ಅಭ್ಯಾಸದಂತೆ ಮೊದಲು ಸರಿಯಿದ್ದ ಕಾಲನ್ನು ಮುಟ್ಟಿದೆ. ಪೆಟ್ಟಾದ ಕಾಲನ್ನು ಹೋಲಿಸಿ ನೋಡಲು ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಅಲ್ಲಿ ಪಾದದ ಮೇಲೆ ನಾಡಿ ಚೆನ್ನಾಗಿ ಬಡಿಯುತ್ತಿತ್ತು. ಇಲ್ಲಿ ಏನೂ ಇಲ್ಲ. ಉಗುರು ಒತ್ತಿ ಬಿಟ್ಟರೆ ಬೆಳ್ಳಗಾದದ್ದು ಬೆಳ್ಳಗೇ ಉಳಿಯಿತು. ಅಡುಗೆಯವರ ಮುಖ ನೋಡುವ ಹಾಗಿರಲಿಲ್ಲ.

ಆಮೇಲೆ ನನ್ನ ಬೆರಳಿನಡಿ ಏನೋ ಮಿಸುಕಿತು. ನನ್ನದೇ ನಾಡಿಯೇನೋ ಎಂದುಕೊಂಡೆ. ಅಲ್ಲ, ಅವನದೇ. ನೋಡುತ್ತಿದ್ದ ಹಾಗೆಯೇ ಉಗುರಿನ ಅಂಚಿನಿಂದ ಒಳಗೆ ಕೆಂಪು ಹರಡಿತು. ಎಷ್ಟು ಉಗುರು ಒತ್ತಿದ್ದೇನೋ ಈ ಕೆಲಸದಲ್ಲಿ, ಲೆಕ್ಕವಿಲ್ಲ; ಅಂದು ಮಾತ್ರ ಮೈ ಜುಮ್ಮೆಂದಿತು. ಯಾರೂ ದಾರಿ ತೋರಿಸದೆ ರಕ್ತ ತನ್ನ ಜಾಗಕ್ಕೆ ತಾನೇ ಬಂದಿತ್ತು. ಇಂಥದ್ದನ್ನು ದಿನವೂ ಮುಟ್ಟುತ್ತಿದ್ದೇನಲ್ಲ ಎಂದು ಕೈಮುಗಿಯಬೇಕೆನಿಸಿತು.

ವೆಲ್ಡರ್ ಮುಖ ಕಿವುಚಿದ. "ಅಯ್ಯೋ, ಈಗ ನೋವಾಗ್ತದೆ ಸಿಸ್ಟರ್! ತಡೀಲಿಕ್ಕೆ ಆಗುದಿಲ್ಲ!"

ಅಡುಗೆಯವರು ಅವನ ತಲೆಯನ್ನು ಎದೆಗೊತ್ತಿಕೊಂಡು ಅಳತೊಡಗಿದರು. "ಆಗಲಿ ಮಗಾ," ಎಂದರು, "ನೋವಾಗಲಿ."